ಇನ್ನೂ ಸ್ವಲ್ಪ ಹಾಳಾಗಿ ಬನ್ನಿ, ಆಮೇಲೆ ನೋಡೋಣ!

"ತಿಂದೂ ತಿಂದೂ ಬೆಳೆಸಿದ್ದು ಅವನೇ. ಈಗ ಆಪರೇಶನ್ ಮಾಡಿಸ್ಕೊಂಡು ಶಾರ್ಟ್‌ಕಟ್ಟಲ್ಲಿ ಸಣ್ಣ ಆಗ್ತಾನಂತೆ!"

ಈ ಒಂದು ಮಾತನ್ನ ಕಳೆದ ಕೆಲವು ತಿಂಗಳಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ನೆಂಟರ ವಾಟ್ಸಾಪ್ ಗುಂಪಿನಲ್ಲಿ... ಹೇಳೋರ ಮುಖದಲ್ಲಿ ಒಂದು ಥರದ ತೃಪ್ತಿ ಬೇರೆ. ಈ ಪೋಸ್ಟು ಅವರಿಗೆ. ಹಾಗೇ, ಇದೇ ಮಾತನ್ನ ಸ್ವಲ್ಪ ಗಂಭೀರವಾದ ಇಂಗ್ಲಿಷಿನಲ್ಲಿ ಪಾಲಿಸಿ ಪುಸ್ತಕದೊಳಗೆ ಅಚ್ಚು ಹಾಕಿಸಿಟ್ಟಿರೋ ವಿಮಾ ಕಂಪನಿಗಳಿಗೆ. ಸ್ವಲ್ಪ ಉದ್ದ ಆಗತ್ತೆ, ಸ್ವಲ್ಪ ಖಾರಾನೂ ಇರತ್ತೆ. ಕಾಫಿ ತಗೊಂಡು ಕೂತ್ಕೊಳ್ಳಿ.

ನಾನು ಡಾಕ್ಟರಲ್ಲ. ಕೋಡು ಬರೆದು ಹೊಟ್ಟೆ ಹೊರೆಯೋ ಪ್ರಾಣಿ. ಆದ್ರೆ ನಮ್ಮ ದೊಡ್ಡಮ್ಮನ ಮಗ, ಅಣ್ಣ, ಬೇರಿಯಾಟ್ರಿಕ್ ಸರ್ಜರಿಗೆ ತಯಾರಾಗ್ತಾ ಇರೋದ್ರಿಂದ ಅವನ ಜೊತೆ ಆಸ್ಪತ್ರೆ ಸುತ್ತಿದ್ದು, ಫೈಲು ಹಿಡ್ಕೊಂಡು ಕೂತಿದ್ದು, ವಿಮೆಯವರ ಜೊತೆ ಫೋನಲ್ಲಿ ಗುದ್ದಾಡಿದ್ದು ಎಲ್ಲಾ ನಾನೇ. ಅಣ್ಣನಿಗೆ 41 ವರ್ಷ. ಎತ್ತರ 172 ಸೆಂಟಿಮೀಟರ್, ತೂಕ 112 ಕೆಜಿ. ಬಿಎಂಐ ಲೆಕ್ಕ ಹಾಕಿದ್ರೆ ಸುಮಾರು 37.9. ಜನರ ಕಣ್ಣಿಗೆ ಕಾಣೋದು ಈ 112 ಅನ್ನೋ ಸಂಖ್ಯೆ ಮಾತ್ರ. ಕಾಣದೇ ಇರೋದು ಆ ಫೈಲಿನೊಳಗೆ ಇದೆ. ಅದನ್ನ ಒಂದೊಂದಾಗಿ ಬಿಚ್ಚಿಡ್ತೀನಿ (ಅಣ್ಣನ ಒಪ್ಪಿಗೆ ತಗೊಂಡೇ ಬರೀತಿದೀನಿ).

ಮೊದಲನೇದು ಗೊರಕೆ. ಗೊರಕೆ ಅಂದ್ರೆ ನಮಗೆಲ್ಲ ಜೋಕು ಅಲ್ವಾ? ಪ್ರವಾಸ ಹೋದಾಗ "ಅವನ ರೂಮು ಬೇಡಪ್ಪಾ, ಟ್ರ್ಯಾಕ್ಟರ್ ಓಡತ್ತೆ" ಅಂತ ನಗ್ತೀವಿ. ನಿದ್ರೆಯ ಪರೀಕ್ಷೆಯ ವರದಿ ಬಂದ ಮೇಲೆ ಮನೆಯಲ್ಲಿ ಯಾರಿಗೂ ನಗು ಬರಲಿಲ್ಲ. ಗಂಟಲಿನ ಸುತ್ತ ಸೇರಿದ ಕೊಬ್ಬು, ಮಲಗಿದಾಗ ಸಡಿಲವಾಗೋ ಸ್ನಾಯು, ಎರಡೂ ಸೇರಿ ಉಸಿರಿನ ದಾರಿ ಮುಚ್ಚಿಕೊಳ್ಳತ್ತೆ. ಹತ್ತು ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಉಸಿರು ನಿಲ್ಲತ್ತೆ ಅಥವಾ ತೀರಾ ಕಡಿಮೆಯಾಗತ್ತೆ. ಅಣ್ಣನಿಗೆ ಹೀಗಾಗ್ತಾ ಇದ್ದದ್ದು ಗಂಟೆಗೆ 22 ಸಲ. ಏಳು ಗಂಟೆ ಮಲಗಿದ್ರೆ 150ಕ್ಕೂ ಹೆಚ್ಚು ಸಲ! ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿಯತ್ತೆ, ಮೆದುಳು ಗಾಬರಿಯಾಗಿ ಅರ್ಧ ಎಬ್ಬಿಸತ್ತೆ, ರಕ್ತದೊತ್ತಡ ಏರತ್ತೆ. ಬೆಳಿಗ್ಗೆ ಎದ್ದಾಗ ತಲೆನೋವು, ಮಧ್ಯಾಹ್ನ ಮೀಟಿಂಗಿನಲ್ಲಿ ತೂಕಡಿಕೆ. ಅದಕ್ಕೆ ನಾವು ಕೊಟ್ಟಿದ್ದ ಹೆಸರು "ಸೋಮಾರಿತನ".

ಎರಡನೇದು ಶುಗರ್. ಎಂಟು ವರ್ಷದಿಂದ ಇದೆ. ಮೂರನೇದು ಬಿಪಿ. ಬಿಪಿ ಬಗ್ಗೆ ಒಂದು ಸಣ್ಣ ವಿಷಯ ಹೇಳ್ಬೇಕು. ದಪ್ಪ ತೋಳಿಗೆ ಸಾಮಾನ್ಯ ಅಳತೆಯ ಪಟ್ಟಿ ಸುತ್ತಿ ನೋಡಿದ್ರೆ ಒತ್ತಡ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ. ದೊಡ್ಡ ಪಟ್ಟಿ ಬೇಕು. ನಮ್ಮ ಏರಿಯಾದ ಎಷ್ಟು ಕ್ಲಿನಿಕ್ಕುಗಳಲ್ಲಿ ಅದು ಇದೆ ಅಂತ ಒಂದ್ಸಲ ಕೇಳಿ ನೋಡಿ. ಅಳೆಯೋ ಸಾಧನವೇ ಆ ಮನುಷ್ಯನನ್ನ ಲೆಕ್ಕಕ್ಕೆ ತಗೊಂಡಿಲ್ಲ, ಇನ್ನು ಔಷಧಿಯ ಡೋಸು ಸರಿ ಇರತ್ತೆ ಅಂತ ಹೇಗೆ ನಂಬೋದು?

ನಾಲ್ಕನೇದು ಫ್ಯಾಟಿ ಲಿವರ್. ಒಂದು ಹನಿ ಕುಡಿಯದ ಮನುಷ್ಯ. ಆದ್ರೂ ಸ್ಕ್ಯಾನಿಂಗ್ ರಿಪೋರ್ಟು ನೋಡಿದ ನೆಂಟರೊಬ್ಬರು "ಗುಟ್ಟಾಗಿ ಕುಡೀತಾನೇನೋ" ಅಂದ್ರು! ಸ್ವಾಮಿ, ಈ ಕಾಯಿಲೆಗೂ ಕುಡಿತಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ದೇಹದ ಚಯಾಪಚಯ ಹದಗೆಟ್ಟರೆ ಲಿವರಿನಲ್ಲಿ ಕೊಬ್ಬು ಸೇರತ್ತೆ. ಇದೇ ಗೊಂದಲ ತಪ್ಪಿಸೋದಕ್ಕೆ 2023ರಲ್ಲಿ ವೈದ್ಯಲೋಕ ಈ ಕಾಯಿಲೆಯ ಹೆಸರನ್ನೇ ಬದಲಾಯಿಸಿತು. ಹೆಸರಿನಲ್ಲಿದ್ದ ಆಲ್ಕೋಹಾಲ್ ಅನ್ನೋ ಪದ ತೆಗೆದುಹಾಕಿ ಚಯಾಪಚಯದ ಪದ ಸೇರಿಸಿದ್ರು.

ಐದನೇದು ಮಂಡಿ. ಆರನೇದು ಎದೆಯುರಿ, ಹುಳಿತೇಗು. ಏಳನೇದು ಕೇಳಿದ್ರೆ ನಿಮಗೆ ಆಶ್ಚರ್ಯ ಆಗಬಹುದು: ಅಪೌಷ್ಟಿಕತೆ! ವಿಟಮಿನ್ ಡಿ ಕಡಿಮೆ, ಬಿ12 ಕಡಿಮೆ. ಕೆಜಿಗಟ್ಟಲೆ ಕೊಬ್ಬು ಹೊತ್ತ ದೇಹದೊಳಗೇ ಪೋಷಣೆಯ ಕೊರತೆ. ಬೊಜ್ಜಿರೋರಲ್ಲಿ ಇದು ಅಪರೂಪ ಅಲ್ಲ, ಅದರಲ್ಲೂ ನಮ್ಮಂಥ ಅನ್ನ-ಸಾರಿನ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ತುಂಬಾ ಸಾಮಾನ್ಯ. ಹೆಣ್ಣುಮಕ್ಕಳಾದ್ರೆ ಈ ಪಟ್ಟಿಗೆ ಪಿಸಿಓಎಸ್, ಮುಟ್ಟಿನ ಏರುಪೇರು, ಕೆಮ್ಮಿದ್ರೆ ಮೂತ್ರ ಜಿನುಗೋದು, ಇವೆಲ್ಲ ಸೇರ್ತವೆ. ಯಾರ ಹತ್ರಾನೂ ಹೇಳ್ಕೊಳ್ಳೋ ಹಾಗಿಲ್ಲ.

ಇದಿಷ್ಟೂ ಆಪರೇಶನ್ನಿಗೆ ಮುಂಚೆ ಪತ್ತೆಯಾಗಿದ್ದು. ಮನಶ್ಶಾಸ್ತ್ರಜ್ಞರ ಭೇಟಿ, ಆಹಾರ ತಜ್ಞರ ಭೇಟಿ, ಎಂಡೋಸ್ಕೋಪಿ, ಎಕೋ, ಶ್ವಾಸಕೋಶದ ಪರೀಕ್ಷೆ... ವಾರಗಟ್ಟಲೆ ಓಡಾಟ. ಎಂಡೋಸ್ಕೋಪಿ ಸುಮ್ಮನೆ ಬಿಲ್ ಹೆಚ್ಚಿಸೋದಕ್ಕಲ್ಲ. ಹುಳಿತೇಗು ಜೋರಾಗಿದ್ರೆ ಜಠರವನ್ನ ಕತ್ತರಿಸಿ ಕೊಳವೆಯ ಹಾಗೆ ಮಾಡೋ ಸ್ಲೀವ್ ವಿಧಾನದಿಂದ ಅದು ಇನ್ನೂ ಹೆಚ್ಚಾಗೋ ಸಾಧ್ಯತೆ ಇದೆ, ಆಗ ಬೈಪಾಸ್ ಯೋಚಿಸ್ತಾರೆ. ಲಿವರ್ ದೊಡ್ಡದಾಗಿದ್ರೆ ಅದರ ಎಡಭಾಗ ಜಠರದ ಮೇಲೆ ಅಡ್ಡಡ್ಡ ಕೂತಿರತ್ತೆ, ಹಾಗಾಗಿ ಎರಡು ವಾರದ ಕಟ್ಟುನಿಟ್ಟಿನ ಕಡಿಮೆ ಕ್ಯಾಲರಿ ಆಹಾರ ಕೊಟ್ಟು ಅದನ್ನ ಕುಗ್ಗಿಸ್ತಾರೆ. ಆಪರೇಶನ್ ಆದ್ಮೇಲೆ ಜೀವನಪೂರ್ತಿ ವಿಟಮಿನ್ ಮಾತ್ರೆ, ಪ್ರೋಟೀನಿನ ಲೆಕ್ಕ, ವರ್ಷಾವರ್ಷ ರಕ್ತ ಪರೀಕ್ಷೆ. ಈಗ ಹೇಳಿ, ಇದರಲ್ಲಿ ಶಾರ್ಟ್‌ಕಟ್ ಎಲ್ಲಿದೆ?

"ಆದ್ರೂ... ವಾಕಿಂಗ್ ಮಾಡ್ಬಹುದಿತ್ತಲ್ವಾ? ಅನ್ನ ಬಿಟ್ಟು ರಾಗಿಮುದ್ದೆ ತಿನ್ಬಹುದಿತ್ತಲ್ವಾ?"

ಬಂತು ನೋಡಿ! ಅಣ್ಣ ಮೂರು ಸಲ ಹದಿನೈದು ಕೆಜಿಗಿಂತ ಹೆಚ್ಚು ಇಳಿಸಿದಾನೆ. ಮೂರು ಸಲವೂ ವಾಪಸ್ ಬಂದಿದೆ, ಬರ್ತಾ ಬಡ್ಡಿ ಸಮೇತ ಬಂದಿದೆ. ಇದು ಅವನ ನಾಲಿಗೆಯ ಚಪಲ ಅಂತ ತೀರ್ಪು ಕೊಡೋ ಮುಂಚೆ ಇದನ್ನ ಓದಿ. ಅಮೆರಿಕದಲ್ಲಿ ತೂಕ ಇಳಿಸೋ ಟಿವಿ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಜನರನ್ನ ಕೆವಿನ್ ಹಾಲ್ ಅನ್ನೋ ವಿಜ್ಞಾನಿಯ ತಂಡ ಆರು ವರ್ಷದ ನಂತರ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿತು. ಸ್ಪರ್ಧೆಯಲ್ಲಿ ಸರಾಸರಿ 58 ಕೆಜಿ ಕಳ್ಕೊಂಡಿದ್ದವರು 41 ಕೆಜಿ ವಾಪಸ್ ಪಡ್ಕೊಂಡಿದ್ರು. ಅದಕ್ಕಿಂತ ಮುಖ್ಯವಾದದ್ದು ಇದು: ಆರು ವರ್ಷ ಕಳೆದ ಮೇಲೂ ಅವರ ದೇಹ ವಿಶ್ರಾಂತಿಯಲ್ಲಿ ಉರಿಸ್ತಾ ಇದ್ದ ಶಕ್ತಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ! ಅಂದ್ರೆ ದೇಹವೇ ಹಳೇ ತೂಕಕ್ಕೆ ಹಗ್ಗ ಕಟ್ಟಿ ಎಳೀತಾ ಇದೆ. ತೂಕ ಇಳಿದಾಗ ಹೊಟ್ಟೆ ತುಂಬಿದೆ ಅಂತ ಹೇಳೋ ಲೆಪ್ಟಿನ್ ಇಳಿಯತ್ತೆ, ಹಸಿವಿನ ಗ್ರೆಲಿನ್ ಏರತ್ತೆ. ಮನಸ್ಸು ಗಟ್ಟಿ ಮಾಡ್ಕೊಂಡು ವಾಕಿಂಗ್ ಹೋಗಿ ಅನ್ನೋದು, ಪ್ರವಾಹದ ವಿರುದ್ಧ ಈಜ್ತಾ ಇರೋನಿಗೆ ದಡದಲ್ಲಿ ಕೂತು "ಕೈ ಜೋರಾಗಿ ಬೀಸೋ" ಅಂತ ಕೂಗಿದ ಹಾಗೆ. ವಾಕಿಂಗ್ ಬೇಡ ಅಂತಲ್ಲ. ಎಲ್ಲರಿಗೂ ಬೇಕು. ಆದ್ರೆ ಬಿಎಂಐ 38ರಲ್ಲಿ, ಸವೆದ ಮಂಡಿಯಲ್ಲಿ, ರಾತ್ರಿ 150 ಸಲ ಉಸಿರು ಕಟ್ಟಿ ಎದ್ದವನಿಗೆ ಅದೊಂದೇ ಚಿಕಿತ್ಸೆ ಅನ್ನೋದು ಕ್ರೌರ್ಯ.

ಸರಿ, ನೆಂಟರಿಷ್ಟರನ್ನ ಇಲ್ಲಿಗೆ ಬಿಡ್ತೀನಿ. ಅವರದ್ದು ಬಾಯಿ ಚಪಲ ಅಷ್ಟೇ. ಅಸಲಿ ಕಥೆ ವಿಮೆಯದ್ದು.

ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ, 2019ರಲ್ಲಿ ಆರೋಗ್ಯ ವಿಮೆಯಲ್ಲಿ ಯಾವ್ಯಾವುದಕ್ಕೆ ದುಡ್ಡು ಕೊಡೋದಿಲ್ಲ ಅನ್ನೋದಕ್ಕೆ ಮಾದರಿ ವಾಕ್ಯಗಳನ್ನ ಹೊರಡಿಸಿತು. ಅದರಲ್ಲಿ ಆರನೇದು ಬೊಜ್ಜಿನದ್ದು. ಇವತ್ತಿಗೂ ಪಾಲಿಸಿಗಳಲ್ಲಿ ಅವೇ ಪದಗಳು ಕಾಣಸಿಗ್ತವೆ. ಅದನ್ನ ಒಬ್ಬ ಪ್ರೋಗ್ರಾಮರ್ ಆಗಿ ಓದಿದ್ರೆ ಹೀಗಿದೆ: ವೈದ್ಯರ ಸಲಹೆ ಇರಬೇಕು, ವೈದ್ಯಕೀಯ ನಿಯಮಾವಳಿಯ ಬೆಂಬಲ ಇರಬೇಕು, ವಯಸ್ಸು 18 ದಾಟಿರಬೇಕು. ಇದಕ್ಕೆಲ್ಲ ನನ್ನ ತಕರಾರಿಲ್ಲ. ಆಮೇಲೆ ಬರತ್ತೆ ಷರತ್ತು. ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ರೆ 35 ಇದ್ದು, ಬೇರೆ ಉಪಾಯಗಳೆಲ್ಲ ಸೋತು, ಜೊತೆಗೆ ಈ ನಾಲ್ಕರಲ್ಲಿ ಒಂದಾದ್ರೂ ಇರಬೇಕು. ಒಂದು, ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ. ಎರಡು, ಹೃದಯದ ರಕ್ತನಾಳದ ಕಾಯಿಲೆ. ಮೂರು, ತೀವ್ರ ಮಟ್ಟದ ನಿದ್ರೆಯ ಉಸಿರುಕಟ್ಟು. ನಾಲ್ಕು, ನಿಯಂತ್ರಣಕ್ಕೆ ಬಾರದ ಟೈಪ್ 2 ಡಯಾಬಿಟಿಸ್.

ಈಗ ಅಣ್ಣನನ್ನ ಈ ಷರತ್ತಿನೊಳಗೆ ಹಾಕಿ ರನ್ ಮಾಡಿ ನೋಡಿ. ಬಿಎಂಐ 37.9, ಅಂದ್ರೆ 40 ಇಲ್ಲ. ಹೃದಯ ಸದ್ಯಕ್ಕೆ ಚೆನ್ನಾಗಿದೆ, ದೇವರ ದಯೆ. ಉಸಿರುಕಟ್ಟು ಗಂಟೆಗೆ 22 ಸಲ. ಪುಸ್ತಕದ ಪ್ರಕಾರ ತೀವ್ರ ಅನ್ನಿಸ್ಕೊಳ್ಳೋಕೆ 30 ಬೇಕು, ಹಾಗಾಗಿ ಇದು "ಮಧ್ಯಮ". ಶುಗರ್? ನಾಲ್ಕು ಥರದ ಮಾತ್ರೆ ನುಂಗಿ, ಸಿಹಿ ಮುಟ್ಟದೆ, ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿಯನ್ನ 6.9ಕ್ಕೆ ತಂದಿಟ್ಟಿದಾನೆ.

ಅನುಮತಿ ತಿರಸ್ಕೃತ.

ಫೋನ್ ಮಾಡಿದ್ರೆ ಆ ಕಡೆಯ ಹುಡುಗಿ ಪಾಪ ವಿನಯವಾಗೇ ಹೇಳಿದ್ಲು, "ಸರ್, ಪೇಶೆಂಟ್‌ದು ಶುಗರ್ ಕಂಟ್ರೋಲಲ್ಲಿದೆಯಲ್ಲಾ ಸರ್, ಅದಕ್ಕೆ ಬರಲ್ಲ."

ಅರ್ಥ ಆಯ್ತಾ ನಿಮಗೆ? ಅಣ್ಣ ಆರು ತಿಂಗಳು ಮಾತ್ರೆ ಬಿಟ್ಟು, ಬೆಳಿಗ್ಗೆ ಸಂಜೆ ಜಿಲೇಬಿ ತಿಂದಿದ್ರೆ ವಿಮೆ ಸಿಗ್ತಾ ಇತ್ತು! ಇನ್ನೊಂದು ಆರೇಳು ಕೆಜಿ ಏರಿಸಿಕೊಂಡಿದ್ರೆ ಸಿಗ್ತಾ ಇತ್ತು! ಒಂದು ಸಣ್ಣ ಹಾರ್ಟ್ ಅಟ್ಯಾಕ್ ಮಾಡ್ಕೊಂಡಿದ್ರಂತೂ ಕೆಂಪು ಕಂಬಳಿ ಹಾಸ್ತಾ ಇದ್ರೋ ಏನೋ. ಶಿಸ್ತಿನಿಂದ ಇದ್ದದ್ದೇ ಅವನ ಅನರ್ಹತೆ. ಒಂದು ಕಡೆ ಸಮಾಜ "ಶಿಸ್ತಿಲ್ಲದವನು" ಅಂತ ಬೈಯತ್ತೆ, ಇನ್ನೊಂದು ಕಡೆ ವಿಮೆಯವರು "ನಿಂಗೆ ಶಿಸ್ತು ಜಾಸ್ತಿ ಆಯ್ತು" ಅಂತ ಫೈಲು ಮುಚ್ಚತಾರೆ. ಇದಕ್ಕಿಂತ ಕೆಟ್ಟ ಬಗ್ ನಾನು ನನ್ನ ಸರ್ವಿಸಿನಲ್ಲಿ ನೋಡಿಲ್ಲ.

ತಮಾಷೆ ಇನ್ನೂ ಇದೆ. ಆಪರೇಶನ್ ಥಿಯೇಟರಿನೊಳಗೆ ಬಿಡಬೇಕಾದ್ರೆ ವೈದ್ಯರು ಕೇಳೋದು ಇದರ ತದ್ವಿರುದ್ಧ. ಶುಗರ್ ಹತೋಟಿಗೆ ತನ್ನಿ, ಎಚ್‌ಬಿಎ1ಸಿ ಸಾಧ್ಯವಾದ್ರೆ 7ರ ಒಳಗೆ ಇರಲಿ ಅಂತಾರೆ. ಉಸಿರುಕಟ್ಟು ಇದ್ರೆ ರಾತ್ರಿ ಸಿಪ್ಯಾಪ್ ಯಂತ್ರ ಹಾಕ್ಕೊಂಡು ಮಲಗಿ ಅಂತಾರೆ. ಯಾಕಂದ್ರೆ ಅರಿವಳಿಕೆ ಕೊಟ್ಟಾಗ, ನೋವಿನ ಔಷಧಿ ಕೊಟ್ಟಾಗ, ಆ ಗಂಟಲು ಇನ್ನಷ್ಟು ಸಡಿಲವಾಗತ್ತೆ. ಅಮೆರಿಕದ ಲ್ಯಾಬ್ಸ್ ಅನ್ನೋ ಅಧ್ಯಯನ ಮೊದಲ ಸಲ ಬೈಪಾಸ್ ಅಥವಾ ಬ್ಯಾಂಡ್ ಸರ್ಜರಿ ಮಾಡಿಸಿಕೊಂಡ 4,776 ಜನರನ್ನ ಗಮನಿಸಿ 2009ರಲ್ಲಿ ಪ್ರಕಟವಾಯ್ತು. 30 ದಿನದೊಳಗಿನ ಸಾವು ಶೇಕಡಾ 0.3. ತೊಂದರೆ ಯಾರಿಗೆ ಜಾಸ್ತಿ ಆಯ್ತು ಅಂತ ನೋಡಿದ್ರೆ, ಮುಂಚೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ನಿದ್ರೆಯ ಉಸಿರುಕಟ್ಟು ಇದ್ದವರಿಗೆ, ನಡೆದಾಡೋ ಶಕ್ತಿಯೇ ಕುಂದಿಹೋಗಿದ್ದವರಿಗೆ. ಅಂದ್ರೆ ಅಪಾಯದ ದೊಡ್ಡ ಪಾಲು ಕತ್ತರಿಯಲ್ಲಿಲ್ಲ. ಕತ್ತರಿ ತನಕ ಬರೋ ಹೊತ್ತಿಗೆ ದೇಹ ಎಷ್ಟು ಹಾಳಾಗಿದೆ ಅನ್ನೋದರಲ್ಲಿದೆ. ನಾವು ಮಾಡ್ತಾ ಇರೋದೇನು? ಹಾಳಾಗೋ ತನಕ ಕಾಯಿಸ್ತೀವಿ, ಹಾಳಾದ ಮೇಲೆ ಒಳಗೆ ಕಳಿಸ್ತೀವಿ, ಏನಾದ್ರೂ ಹೆಚ್ಚುಕಮ್ಮಿಯಾದ್ರೆ "ನೋಡಿದ್ರಾ, ಈ ಆಪರೇಶನ್ನೇ ಡೇಂಜರ್ರು" ಅಂತೀವಿ!

ಕಾಯಿಸೋದರಿಂದ ಲಾಭಾನೂ ಕಡಿಮೆ ಆಗತ್ತೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಎಸ್‌ಓಎಸ್ ಅಧ್ಯಯನ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನ ದಶಕಗಟ್ಟಲೆ ಹಿಂಬಾಲಿಸಿದೆ. 2007ರ ವರದಿಯಲ್ಲಿ ಸರ್ಜರಿ ಆದವರ ಗುಂಪಿನಲ್ಲಿ ಸಾವಿನ ಪ್ರಮಾಣ ಸುಮಾರು ನಾಲ್ಕನೇ ಒಂದು ಭಾಗ ಕಡಿಮೆ. 2014ರಲ್ಲಿ ಡಯಾಬಿಟಿಸ್ ಲೆಕ್ಕ ಬಂತು. ಎರಡು ವರ್ಷಕ್ಕೆ ಶೇಕಡಾ 72 ಜನರ ಶುಗರ್ ಸಹಜಕ್ಕೆ ಮರಳಿತ್ತು, 15 ವರ್ಷಕ್ಕೆ ಆ ಸಂಖ್ಯೆ ಶೇಕಡಾ 30ಕ್ಕೆ ಇಳಿದಿತ್ತು (ಆಪರೇಶನ್ ಇಲ್ಲದವರಲ್ಲಿ ಅದು 6.5). ಶುಗರ್ ಬಂದು ಎಷ್ಟು ಕಡಿಮೆ ವರ್ಷ ಆಗಿರತ್ತೋ ಅಷ್ಟು ಒಳ್ಳೆ ಫಲಿತಾಂಶ. ನಮ್ಮಲ್ಲಿ ಷರತ್ತು ಹೇಳೋದು ಉಲ್ಟಾ: ಮೊದಲು ಔಷಧಿಗೆ ಬಗ್ಗದ ಮಟ್ಟಕ್ಕೆ ಹೋಗಲಿ!

ಈ 35 ಮತ್ತು 40 ಎಲ್ಲಿಂದ ಬಂದವು ಗೊತ್ತಾ? 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯಿಂದ. ಅವರ ಜನ, ಅವರ ದೇಹ. ನಮ್ಮ ದೇಹದ ಕಥೆಯೇ ಬೇರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದ್ದೇ ಫೋಟೋ ಹಾಕಿ ಒಂದು ಪುಟ್ಟ ಲೇಖನ ಬರೆದ್ರು. ಇಬ್ಬರ ಬಿಎಂಐಯೂ 22.3. ಆದ್ರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ 21.2! ಸಣ್ಣ ಕೈಕಾಲು, ಮುಂದೆ ಬಂದ ಹೊಟ್ಟೆ, ನಮ್ಮ ಪೈಕಿ ಎಷ್ಟೋ ಜನರ ಕನ್ನಡಿ ಹೇಳೋ ಸತ್ಯ. ಇದನ್ನೆಲ್ಲ ಗಮನಿಸಿಯೇ 2009ರಲ್ಲಿ ನಮ್ಮ ದೇಶದ ತಜ್ಞರು ಭಾರತೀಯರಿಗೆ ಬೇರೆ ಮಿತಿ ಹೇಳಿದ್ರು: ಜೊತೆ ಕಾಯಿಲೆ ಇದ್ರೆ 32.5ಕ್ಕೆ, ಇಲ್ಲದಿದ್ರೂ 37.5ಕ್ಕೆ ಸರ್ಜರಿ ಯೋಚಿಸಬಹುದು. 2022ರಲ್ಲಿ ಅಮೆರಿಕದ್ದೂ ಅಂತರರಾಷ್ಟ್ರೀಯ ಮಟ್ಟದ್ದೂ ಆದ ಎರಡು ಸರ್ಜನ್ನರ ಸಂಘಗಳು ಸೇರಿ 1991ರ ಮಿತಿಯನ್ನ ಹಳತಾಯ್ತು ಅಂತ ಬದಿಗಿಟ್ಟು, ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆ ನೀಡಬಹುದು ಅಂದ್ರು. ಅಣ್ಣ 2009ರ ಲೆಕ್ಕದಲ್ಲೂ ಪಾಸು, 2022ರ ಲೆಕ್ಕದಲ್ಲೂ ಪಾಸು. ಫೇಲಾಗಿದ್ದು 2019ರಲ್ಲಿ ಬರೆದ, 1991ರ ತಲೆಯ ಷರತ್ತಿನಲ್ಲಿ.

ಒಂದೆರಡು ಆಕ್ಷೇಪಗಳಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ, ಕಾಮೆಂಟಿನಲ್ಲಿ ಬರೋದು ಗ್ಯಾರಂಟಿ :)

"ಬೆಂಗಳೂರಲ್ಲಿ ಕೊಬ್ಬು ತೆಗೆಸೋಕೆ ಹೋಗಿ ನಟಿ ತೀರ್ಕೊಂಡ್ರಲ್ಲಾ?" ಹೌದು, 2022ರ ಮೇ ತಿಂಗಳಲ್ಲಿ, ತೀರಾ ಚಿಕ್ಕ ವಯಸ್ಸಿನ ಕಿರುತೆರೆ ನಟಿ. ನೋವಿನ ಸಂಗತಿ. ಆದ್ರೆ ಸೌಂದರ್ಯಕ್ಕಾಗಿ ಕೊಬ್ಬು ತೆಗೆಸೋದು ಬೇರೆ, ಬೇರಿಯಾಟ್ರಿಕ್ ಬೇರೆ. ಚರ್ಮದಡಿಯ ಕೊಬ್ಬನ್ನ ಹೀರಿ ತೆಗೆಯೋದರಿಂದ ಕಾಯಿಲೆ ವಾಸಿಯಾಗಲ್ಲ. 2004ರ ಒಂದು ಅಧ್ಯಯನದಲ್ಲಿ 15 ಮಹಿಳೆಯರಿಂದ ಹತ್ತು ಕೆಜಿಯ ಆಸುಪಾಸಿನಷ್ಟು ಕೊಬ್ಬು ಹೀರಿ ತೆಗೆದ್ರೂ ಇನ್ಸುಲಿನ್ ಕೆಲಸ ಮಾಡೋ ರೀತಿಯಲ್ಲಿ ಸುಧಾರಣೆ ಕಾಣಲಿಲ್ಲ. ಜಠರ, ಕರುಳಿನ ಸರ್ಜರಿ ಹಸಿವಿನ ಹಾರ್ಮೋನುಗಳನ್ನೇ ಬದಲಾಯಿಸತ್ತೆ. ಎರಡನ್ನೂ ಒಂದೇ ಚೀಲಕ್ಕೆ ತುಂಬೋದು ಮೊದಲು ನಿಲ್ಲಿಸೋಣ.

"ಇಂಜೆಕ್ಷನ್ ಬಂದಿದೆಯಲ್ಲಾ?" ಬಂದಿದೆ. 2025ರಲ್ಲಿ ಮೌಂಜಾರೊ, ವೆಗೊವಿ ಎರಡೂ ಭಾರತಕ್ಕೆ ಬಂದವು. ಒಳ್ಳೆಯ ಔಷಧಿಗಳೇ. ಆದ್ರೆ ವೆಗೊವಿಯಲ್ಲಿರೋ ಸೆಮಾಗ್ಲುಟೈಡನ್ನ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿದ್ದನ್ನ 2022ರ ಅಧ್ಯಯನ ತೋರಿಸಿದೆ. ಯಾರಿಗೆ ಯಾವುದು ಅಂತ ವೈದ್ಯರು ಹೇಳಲಿ. ವಾಟ್ಸಾಪ್ ಅಲ್ಲ, ವಿಮೆಯ ಗುಮಾಸ್ತರೂ ಅಲ್ಲ.

"ಎಲ್ಲರಿಗೂ ಕೊಟ್ರೆ ಪ್ರೀಮಿಯಂ ಏರಲ್ವಾ?" ಸರಿಯಾದ ಪ್ರಶ್ನೆ. ಆದ್ರೆ ಇದೇ ಕಂಪನಿ ಮುಂದೆ ಸ್ಟೆಂಟಿಗೆ, ಮಂಡಿ ಬದಲಾವಣೆಗೆ, ಡಯಾಲಿಸಿಸ್ಸಿಗೆ ಕೊಡಲೇಬೇಕಲ್ಲ? ಇವತ್ತು ಪ್ಯಾಚ್ ಹಾಕೋ ಖರ್ಚು ಉಳಿಸಿ ನಾಳೆ ಇಡೀ ಸರ್ವರ್ ಕುಸಿದಾಗ ತೆರೋದು ಯಾವ ಜಾಣತನ? ಇನ್ನು "ಒಂದೇ ತಿಂಗಳಲ್ಲಿ ಹೊಸ ನೀವು" ಅಂತ ಮೊದಲು-ನಂತರದ ಫೋಟೋ ಹಾಕಿ ಜಾಹೀರಾತು ಕೊಡೋ ಆಸ್ಪತ್ರೆಗಳೂ ಈ ಪಾಪದಲ್ಲಿ ಪಾಲುದಾರರೇ. ಕಾಯಿಲೆಯ ಚಿಕಿತ್ಸೆಯನ್ನ ಬ್ಯೂಟಿ ಪಾರ್ಲರಿನ ಹಾಗೆ ಮಾರಿದ್ರೆ ಜನ ಅದನ್ನ ಶೋಕಿ ಅಂತಲೇ ತಿಳ್ಕೊಳ್ತಾರೆ.

2017ರಲ್ಲಿ ಈಜಿಪ್ಟಿನಿಂದ ಮುಂಬೈಗೆ ಒಬ್ಬ ಮಹಿಳೆಯನ್ನ ವಿಮಾನದಲ್ಲಿ ಕರ್ಕೊಂಡು ಬಂದದ್ದು ನೆನಪಿರಬಹುದು. ಸುಮಾರು 500 ಕೆಜಿ ಅಂತ ಎಲ್ಲ ಚಾನೆಲ್ಲುಗಳೂ ಕೂಗಿದವು. ಇವತ್ತು ಎಷ್ಟು ಕೆಜಿ ಇಳೀತು ಅಂತ ಸ್ಕೋರ್ ಕಾರ್ಡು ಬೇರೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಬುಧಾಬಿಯ ಆಸ್ಪತ್ರೆಯಲ್ಲಿ ಆಕೆ ತೀರ್ಕೊಂಡಾಗ ವೈದ್ಯರು ಹೇಳಿದ ಕಾರಣ ಹೃದಯದ ಕಾಯಿಲೆ, ಮೂತ್ರಪಿಂಡದ ವೈಫಲ್ಯ ಮುಂತಾದ ಜೊತೆ ಕಾಯಿಲೆಗಳು. ಕೆಜಿ ನೋಡ್ತಾ ಕೂತವರಿಗೆ ಅವು ಕಂಡಿರಲೇ ಇಲ್ಲ.

ಅದಕ್ಕೇ ನಾನು ಕೇಳ್ತಾ ಇರೋದು ಇಷ್ಟೇ. ನಿಯಂತ್ರಣ ಪ್ರಾಧಿಕಾರ ಆ ಷರತ್ತನ್ನ ಭಾರತೀಯರ ಮಿತಿಗೆ ತಕ್ಕಂತೆ ತಿದ್ದಲಿ. "ನಿಯಂತ್ರಣಕ್ಕೆ ಬಾರದ", "ತೀವ್ರ" ಅನ್ನೋ ಪದಗಳನ್ನ ತೆಗೆಯಲಿ. ಇದೆಯೋ ಇಲ್ಲವೋ ಅಂತ ವೈದ್ಯರು ಬರೆದುಕೊಟ್ರೆ ಸಾಕು.

ಮತ್ತೆ ನನ್ನ ಬ್ಲಾಗಿಗ ಮಿತ್ರರೆ, ನಿಮಗೆ ಮೂರು ವಿನಂತಿ. ಮನೆಯಲ್ಲಿ ಯಾರಾದ್ರೂ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲಿಸ್ತಾ ಇದ್ರೆ ನಗಬೇಡಿ, ನಿದ್ರೆಯ ಪರೀಕ್ಷೆಗೆ ಕರ್ಕೊಂಡು ಹೋಗಿ. ನಿಮ್ಮ ಆರೋಗ್ಯ ವಿಮೆಯಲ್ಲಿ ಬೊಜ್ಜಿನ ಷರತ್ತು ಏನಿದೆ ಅಂತ ಇವತ್ತೇ ತೆಗೆದು ಓದಿ, ಕೆಲವು ಪಾಲಿಸಿಗಳಲ್ಲಿ ಇದಕ್ಕಿಂತ ಉದಾರವಾಗಿ ಇರಬಹುದು. ಮತ್ತೆ ದಯವಿಟ್ಟು, ನಿಮ್ಮ ಹಾಸ್ಯ ಲೇಖನಗಳಲ್ಲಿ ಆ "ಡುಮ್ಮಣ್ಣ" ಪಾತ್ರಕ್ಕೆ ನಿವೃತ್ತಿ ಕೊಡಿ. ಕುರ್ಚಿ ಮುರಿಯೋ ಜೋಕು ಹಳಸಲಾಯ್ತು.

ಅಣ್ಣ ಸೈಟಿಗೆ ಅಂತ ಕೂಡಿಟ್ಟಿದ್ದ ದುಡ್ಡಲ್ಲಿ ಮೂರೂವರೆ ಲಕ್ಷ ತೆಗೆದು ಆಸ್ಪತ್ರೆಗೆ ಕಟ್ಟಿದಾನೆ. ಮುಂದಿನ ತಿಂಗಳು ಆಪರೇಶನ್. ಅವನಿಗೆ ಸೈಟು ಇತ್ತು, ಸಂಬಳ ಇದೆ. ಅದೇ ಬಿಎಂಐ, ಅದೇ ಶುಗರ್ ಇರೋ ಆಟೋ ಡ್ರೈವರು, ಗಾರ್ಮೆಂಟ್ಸಿನ ಹೆಂಗಸು ಏನು ಮಾರಬೇಕು? ಉತ್ತರ ಗೊತ್ತಿದ್ದವರು ಕಾಮೆಂಟಿಸಿ. ಜಗಳಕ್ಕೂ ಸ್ವಾಗತ, ಆದ್ರೆ ದಯವಿಟ್ಟು ಪೂರ್ತಿ ಓದಿ ಬನ್ನಿ.